ಪರೀಕ್ಷೆಯ ಬೆಳಗಿನ ಕಡಲಸೊಪ್ಪಿನ ಸಾರು

ಪಾಜು ಊರಿನಾಚೆ, ಕೊಯ್ಲು ಮುಗಿದ ಗದ್ದೆಗಳ ನಡುವೆ ನಿಂತ ತಗಡಿನ ಮಾಡಿನ ಕಟ್ಟಡವೊಂದರೊಳಗೆ ಒಂದು ಮನೆಯಿತ್ತು. ಅದಕ್ಕೆ ಮೂರೇ ಗೋಡೆ. ನಾಲ್ಕನೆಯದರ ಜಾಗದಲ್ಲಿ ಕ್ಯಾಮರಾಗಳು. ಆ ಮನೆಯಲ್ಲಿ ಒಬ್ಬಳು ಅಜ್ಜಿ, ಅಪ್ಪ, ಅಮ್ಮ, ಒಬ್ಬನೇ ಮಗ. ವಾರಕ್ಕೆ ಐದು ಸಂಜೆ, ಏಳೂವರೆಗೆ ಸರಿಯಾಗಿ, ಊರೂರಿನ ಜನ ತಮ್ಮ ಊಟದ ಮುಂದೆ ಕೂತು ಇವರ ಊಟ ನೋಡುತ್ತಿದ್ದರು. ಆ ಊಟ ಬೇಯಿಸುತ್ತಿದ್ದವಳು ಸುನ್‌ಬುನ್.

ಧಾರಾವಾಹಿಯ ಆ ಮನೆಯ ಹಿಂದುಗಡೆ, ಒಂದು ಒಲೆ, ಒಂದು ನಲ್ಲಿ, ನಾಲ್ಕು ಹಳೆಯ ಪಾತ್ರೆಗಳ ಅಡುಗೆಮನೆ ಅವಳದು. ಅಳು, ಜಗಳ, ಒಬ್ಬರ ಮುಖಕ್ಕೆ ಇನ್ನೊಬ್ಬರು ನೀರೆರಚುವುದು, ಅದೆಲ್ಲ ಬರೆಯುವವರಿಗೆ ಬಿಟ್ಟದ್ದು. ತಟ್ಟೆಯಲ್ಲಿ ಏನಿರಬೇಕು ಎಂಬುದು ಮಾತ್ರ ಇವಳಿಗೆ ಸೇರಿದ್ದು. ನೋಡುವವರು ನೀರೆರಚಿದ್ದನ್ನು ನಂಬಿದರೂ ನಂಬುತ್ತಿದ್ದರು, ತಟ್ಟೆಯಲ್ಲಿ ಸುಳ್ಳು ಹೇಳಿದರೆ ಬಿಡುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಒಮ್ಮೆ ಅವಳಿಗೆ ಜ್ವರ ಬಂದು, ಬೇರೆ ಯಾರೋ ಅಂಗಡಿಯಿಂದ ಖಾರ ಹಚ್ಚಿ ಹುಳಿಬರಿಸಿದ ಕೋಸಿನ ಕಿಮ್ಚಿ ತಂದಿಟ್ಟಿದ್ದರು. ಮರುದಿನವೇ ವಾಹಿನಿಯ ಪುಟದಲ್ಲಿ ಇನ್ನೂರು ಜನ ಬರೆದರು: ಖಾರಕ್ಕೆ ಹೆಸರಾದ ಜೊಲ್ಲಾ ಸೀಮೆಯ ಅಜ್ಜಿಯಿರುವ ಮನೆಯ ಕಿಮ್ಚಿ ಹೀಗೆ ಬಿಳಚಿಕೊಂಡಿರುತ್ತದೆಯೇ, ಆ ಅಜ್ಜಿಯೇನು ಸತ್ತುಹೋದಳೇ? ಅಂದಿನಿಂದ ಸುನ್‌ಬುನ್ ಜ್ವರವಿದ್ದರೂ ಬರುತ್ತಿದ್ದಳು.

ಅವಳ ಸ್ವಂತ ಮನೆಗೆ ನಾಲ್ಕು ಗೋಡೆಗಳಿದ್ದವು, ಅಲ್ಲಿ ಊಟವೇ ನಡೆಯುತ್ತಿರಲಿಲ್ಲ. ಗಂಡ ಉಲ್ಸಾನಿನ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದ, ತಿಂಗಳಿಗೊಮ್ಮೆ ಬಂದು ಎರಡು ದಿನ ಮಲಗಿ ಹೋಗುತ್ತಿದ್ದ. ಉಳಿದವಳು ಮಗಳು ಹಾನ್‌ಸೋಲ್. ಕಾಲೇಜಿನ ಪ್ರವೇಶ ಪರೀಕ್ಷೆಗೆ ಅವಳು ಈ ನವೆಂಬರಿನಲ್ಲಿ ಮೂರನೆಯ ಸಲ ಕೂರುವವಳಿದ್ದಳು. ಬೆಳಗಾದರೆ ಓದುವ ಕೊಠಡಿಗೆ ಹೋಗುವಳು, ಕತ್ತಲಾದ ಮೇಲೆ ಬರುವಳು, ಮೂಲೆಯಂಗಡಿಯ ಮೂರು ಮೂಲೆಯ ಅನ್ನದ ಪೊಟ್ಟಣವನ್ನು ಸಿಂಕಿನ ಪಕ್ಕ ನಿಂತೇ ತಿನ್ನುವಳು. "ಊಟ ಬಡಿಸ್ಲಾ?" ಎಂದರೆ "ಹೊಟ್ಟೆ ತುಂಬಿದೆ" ಎನ್ನುವಳು. ಅವಳ ಚಮಚ, ಅವಳ ಊಟದ ಕಡ್ಡಿಗಳು ಎರಡು ವರ್ಷದಿಂದ ಡಬ್ಬದಲ್ಲಿ ನಿಂತೇ ಇದ್ದವು. ಸುನ್‌ಬುನ್ ಅವನ್ನು ವಾರಕ್ಕೊಮ್ಮೆ ತೊಳೆದು ಮತ್ತೆ ನಿಲ್ಲಿಸುತ್ತಿದ್ದಳು.

ಇದಕ್ಕೆಲ್ಲ ಮೂಲ ಒಂದು ಬಟ್ಟಲು ಸಾರು.

ಎರಡು ವರ್ಷದ ಹಿಂದೆ ಹಾನ್‌ಸೋಲ್‌ಳ ಹುಟ್ಟುಹಬ್ಬವೂ ಅವಳ ಮೊದಲ ಪರೀಕ್ಷೆಯೂ ಒಂದೇ ದಿನ ಬಿದ್ದಿದ್ದವು. ಹುಟ್ಟುಹಬ್ಬದ ಬೆಳಿಗ್ಗೆ ಕಡಲಸೊಪ್ಪಿನ ಸಾರು ಉಣ್ಣದ ಮಗು ಆ ದೇಶದಲ್ಲಿಲ್ಲ. ಹೆತ್ತ ತಾಯಿ ಬಾಣಂತನದಲ್ಲಿ ಕುಡಿದ ಸಾರು ಅದು. ಹಾಗೆಯೇ ಪರೀಕ್ಷೆಯ ಬೆಳಿಗ್ಗೆ ಅದನ್ನು ಮುಟ್ಟುವ ಮಗುವೂ ಇಲ್ಲ. ಸೊಪ್ಪು ಲೋಳೆಲೋಳೆ, ಅದನ್ನು ಉಂಡವರು ಪರೀಕ್ಷೆಯಲ್ಲೂ ಜಾರಿ ಬೀಳುತ್ತಾರೆ ಎಂಬುದು ನಂಬಿಕೆ. ಇದು ಸುನ್‌ಬುನ್‌ಗೆ ಗೊತ್ತಿರಲಿಲ್ಲವೆಂದಲ್ಲ. ಹಿಂದಿನ ದಿನ ಚಿತ್ರೀಕರಣ ಮುಗಿಸಿ ಬಂದು ನಾಲ್ಕು ಗಂಟೆಯೂ ಮಲಗದೆ ಎದ್ದಿದ್ದಳು. ನವೆಂಬರ್ ಹದಿನಾಲ್ಕು ಎಂದರೆ ಹದಿನೆಂಟು ವರ್ಷ ಕೈ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು: ಒಣ ಸೊಪ್ಪು ನೆನೆಸಿತು, ಹಿಂಡಿತು, ಎಳ್ಳೆಣ್ಣೆಯಲ್ಲಿ ಗೋಮಾಂಸದ ಚೂರುಗಳ ಜೊತೆ ಬಾಡಿಸಿತು. ಮಗಳು ಬಂದು ಕೂತಳು, ಉಂಡಳು, ಶೂ ಹಾಕಿಕೊಂಡು ಹೊರಟಳು. ಬಟ್ಟಲು ತೊಳೆಯುವಾಗ ಒಂದು ಎಳೆ ಸೊಪ್ಪು ಬೆರಳಿಗೆ ಅಂಟಿತು. ಆಗ ಗೊತ್ತಾಯಿತು. ಆ ದಿನ ಮಕ್ಕಳು ಇಂಗ್ಲಿಷು ಕೇಳಿಸಿಕೊಂಡು ಉತ್ತರ ಬರೆಯುವ ಹೊತ್ತಿಗೆ, ಸದ್ದಾಗಬಾರದೆಂದು, ವಿಮಾನಗಳನ್ನೂ ಇಳಿಯಗೊಡದೆ ಆಕಾಶದಲ್ಲೇ ಸುತ್ತಿಸುತ್ತಾರೆ. ಅಂಥ ದಿನ ಸುನ್‌ಬುನ್ ಅಡುಗೆಮನೆಯ ನೆಲದ ಮೇಲೆ ಒದ್ದೆ ಕೈಯಲ್ಲಿ ಕೂತೇ ಇದ್ದಳು.

ಹಾನ್‌ಸೋಲ್‌ಗೆ ಅಂಕ ಸಾಲಲಿಲ್ಲ. ಸಾರಿನ ಮಾತನ್ನು ಇವಳೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮನೆಯ ಊಟ ಮಾತ್ರ ನಿಂತುಹೋಯಿತು. ಮರುವರ್ಷದ ಪರೀಕ್ಷೆಗೆ ಸುನ್‌ಬುನ್ ಬುತ್ತಿ ಕಟ್ಟಿ, ಮರೆಯದಿರಲೆಂದು ಬಾಗಿಲ ಬಳಿಯ ಶೂ ಪೆಟ್ಟಿಗೆಯ ಮೇಲೆ ಇಟ್ಟಿದ್ದಳು. ಸಂಜೆ ಬಂದು ನೋಡಿದರೆ ಡಬ್ಬಿ ಅಲ್ಲೇ ಇತ್ತು, ತಣ್ಣಗೆ. ಈ ವರ್ಷ ಅವಳಿಗೆ ಬೇಕಾಗಿದ್ದದ್ದು ಒಂದೇ. ಅಂಕ ಬರಲಿ ಬಿಡಲಿ, ಮಗಳು ಡಬ್ಬಿ ಒಯ್ಯಬೇಕು.

ಪರೀಕ್ಷೆಗೆ ಎಂಟು ದಿನ ಉಳಿದಿರುವಾಗ ಚಿತ್ರೀಕರಣದ ಜಾಗಕ್ಕೆ ಹೊಸ ಹಾಳೆಗಳು ಬಂದವು. ಅಂದಿನ ದೃಶ್ಯದ ಹಾಳೆ ಅಂದೇ ಬರುವುದು ಅಲ್ಲಿಯ ಪದ್ಧತಿ. ಬರೆಯುವಾಕೆ ನಿದ್ದೆಗಣ್ಣಲ್ಲಿ ಬರೆದು ಕಳಿಸುತ್ತಿದ್ದಳು, ಅವಳ ಕೈಕೆಳಗಿನ ಹುಡುಗಿ ಬಿನ್ನಾ ತಂದು ಹಂಚುತ್ತಿದ್ದಳು. ಮಗನ ಹುಟ್ಟುಹಬ್ಬದ ಕಂತೊಂದು ಮೊದಲೇ ಇತ್ತು. ಪರೀಕ್ಷೆಯ ಹಿಂದಿನ ಸಂಜೆ ಪರೀಕ್ಷೆಯದೇ ಕಂತು ಬರಲಿ ಎಂದು ವಾಹಿನಿಯವರು ಹೇಳಿದ್ದರಿಂದ ಎರಡನ್ನೂ ಹೊಲಿದು ಒಂದು ಮಾಡಿದ್ದರು.

ಬಿನ್ನಾ ಹಾಳೆ ಓದಿ ನಿರ್ದೇಶಕ ಮಾ ಹತ್ತಿರ ಓಡಿದಳು.

"ಸಾರ್, ನಮ್ಮ ಬರೆಯೋ ಅಕ್ಕ ತಪ್ಪು ಬರ್ದಿದಾರೆ. ಪರೀಕ್ಷೆಗೆ ಹೊರಟ ಮಗನಿಗೆ ಅಮ್ಮ ಕಡಲಸೊಪ್ಪಿನ ಸಾರು ಬಡಿಸ್ತಾಳಂತೆ. ಅವನು ಚಮಚ ಎಸೆದು ಕೂಗಾಡ್ತಾನಂತೆ. ಹಳೇ ಹುಟ್ಟುಹಬ್ಬದ ಸಾರು ಹಾಗೇ ಉಳ್ಕೊಂಡ್ಬಿಟ್ಟಿದೆ."

ಮಾ ಹಣೆ ಉಜ್ಜಿಕೊಂಡ. "ಕೂಗಾಡೋದು ಚೆನ್ನಾಗಿದೆಯಲ್ಲ."

"ಚೆನ್ನಾಗಿದೆ. ಆದ್ರೆ ಅಂಥ ಅಮ್ಮ ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ ಸಾರ್. ಜನ ನಮ್ಮನ್ನ ಹುರ್ಕೊಂಡು ತಿಂತಾರೆ."

"ಹಾಗಾದ್ರೆ ಸಾರು ಬದಲಾಯಿಸೋಣ. ಚಿಕ್ಕಮ್ಮಾ, ಬೇರೆ ಏನಿದೆ ಒಳಗೆ?"

ಅಲ್ಲಿ ಎಲ್ಲರಿಗೂ ಚಿಕ್ಕಮ್ಮನಾದ ಸುನ್‌ಬುನ್ ಮೂಲಂಗಿ ಹೆಚ್ಚುತ್ತಿದ್ದಳು. ಹಲಗೆಯ ಮೇಲಿನ ಸದ್ದು ನಿಂತಿತು.

"ಬಡಿಸ್ತಾರೆ," ಎಂದಳು.

"ಏನು?"

"ಅಂಥ ಅಮ್ಮಂದಿರು ಇದಾರೆ. ಬಡಿಸ್ತಾರೆ. ಕೂಗಾಟ ಮಾತ್ರ ನಡೆಯಲ್ಲ. ಮಗು ಉಂಡು ಎದ್ದು ಹೋಗತ್ತೆ. ಅಮ್ಮನಿಗೆ ಗೊತ್ತಾಗೋದು ಬಟ್ಟಲು ತೊಳೆಯುವಾಗ."

ಆರು ವರ್ಷದಲ್ಲಿ ಚಿಕ್ಕಮ್ಮ ಹಾಳೆಯ ಬಗ್ಗೆ ಮಾತಾಡಿದ್ದು ಅದೇ ಮೊದಲು. ಅಮ್ಮನ ಪಾತ್ರದ ಬಾಂಗ್ ಮೇಡಂ ತುಟಿಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದವರು ಕುರ್ಚಿ ತಿರುಗಿಸಿದರು.

"ಯಾರ ಮನೇಲಿ ನಡೀತು ಇದು?"

"ಪಕ್ಕದ ಮನೇಲಿ ಮೇಡಂ."

"ಪಕ್ಕದ ಮನೆಯವಳಿಗೆ ತಲೆ ಕೆಟ್ಟಿತ್ತಾ?"

"ಇಲ್ಲ. ನಿದ್ದೆ ಕೆಟ್ಟಿತ್ತು."

ಬಾಂಗ್ ಮೇಡಂ ಅವಳನ್ನು ಒಂದು ಗಳಿಗೆ ನೋಡಿದರು. ನಲವತ್ತು ವರ್ಷ ಊರಿಗೆಲ್ಲ ಅಮ್ಮನಾಗಿ ನಟಿಸಿದ ಹೆಂಗಸು, ಮುಂದೆ ಕೇಳಲಿಲ್ಲ. ತಮ್ಮ ಉಗುರುಗಳನ್ನು ಎತ್ತಿ ಮಾಗೆ ತೋರಿಸಿದರು. ಬೇರೆ ಜಾಹೀರಾತಿಗೆಂದು ಮುತ್ತಿನ ಬಣ್ಣ ಬಳಿದಿದ್ದರು. "ಈ ಕೈಯಲ್ಲಿ ಸೊಪ್ಪು ಹಿಂಡಿದ್ರೆ ಯಾರೂ ನಂಬಲ್ಲ. ಅಡುಗೆ ಮಾಡೋ ಕೈ ಮಾತ್ರ ಚಿಕ್ಕಮ್ಮಂದು ಇರ್ಲಿ. ಪಕ್ಕದ ಮನೆಯವಳು ಹೇಗೆ ಮಾಡಿದ್ಲೋ ಹಾಗೇ ಮಾಡಿ ತೋರಿಸ್ಲಿ."

ಹಾಗೆ ಸುನ್‌ಬುನ್‌ಳ ಕೈಗಳು ಕ್ಯಾಮರಾದ ಮುಂದೆ ಬಂದವು. ಹೆಬ್ಬೆರಳಿನ ಸುಟ್ಟ ಗಾಯವನ್ನು ಬಣ್ಣದಲ್ಲಿ ಮುಚ್ಚಿದರು, ಬಾಂಗ್ ಮೇಡಂ ಹಾಕಿದ್ದಂಥದೇ ರವಿಕೆ ತೊಡಿಸಿದರು. ಅವಳು ನೆನೆದ ಸೊಪ್ಪನ್ನು ಶಾಲೆಯ ಮಗುವಿನ ಕಾಲುಚೀಲ ಹಿಂಡುವಂತೆ ಮೂರು ಸಲ ತಿರುಚಿ ಹಿಂಡಿದಳು. ಸಾರು ಕುದಿ ಬಂದಾಗ ಸೌಟನ್ನು ಪಾತ್ರೆಯ ಅಂಚಿಗೆ ಟಕ್ ಟಕ್ ಎಂದು ಎರಡು ಸಲ ಬಡಿದಳು. ಸದ್ದು ಬೇಡವೆಂದು ಧ್ವನಿಯವನು ಹೇಳಿದ. ಎರಡನೆಯ ಸಲವೂ ಕೈ ಬಡಿಯಿತು. "ಇರ್ಲಿ ಬಿಡ್ರೋ" ಎಂದ ಮಾ.

ಉಣ್ಣುವ ದೃಶ್ಯ ಮಾತ್ರ ಅವಳಿಗೆ ಸರಿಬರಲಿಲ್ಲ. ಮಗನ ಪಾತ್ರದ ಹುಡುಗ ಮುಚ್ಚಳ ತೆಗೆದ, ಸೊಪ್ಪನ್ನು ಕಂಡ, ಅಮ್ಮನ ಬೆನ್ನು ನೋಡಿದ, ಆಮೇಲೆ ಒಂದೊಂದೇ ಚಮಚ ನಿಧಾನವಾಗಿ ಕುಡಿದ. ಕಣ್ಣಲ್ಲಿ ನೀರು ತುಂಬಿಕೊಂಡ.

"ಹೀಗಲ್ಲ," ಎಂದಳು ಸುನ್‌ಬುನ್ ಮೆಲ್ಲಗೆ. "ಉಣ್ಣುವಾಗ ಮಗುಗೆ ಗೊತ್ತಾಗಿರಲ್ಲ. ಅದೂ ನಿದ್ದೆಗಣ್ಣಲ್ಲಿರತ್ತೆ. ಗೊತ್ತಾಗೋದು ಹೋದ ಮೇಲೆ."

"ಚಿಕ್ಕಮ್ಮಾ," ಎಂದ ಮಾ, ಮುಂದಿನ ದೃಶ್ಯದ ದೀಪಗಳತ್ತ ನಡೆಯುತ್ತಲೇ, "ಬಟ್ಟಲು ಮೂಗಿನ ಕೆಳಗಿದೆ. ವಾಸನೆ ಮನೆಯೆಲ್ಲ ಇದೆ. ಗೊತ್ತಾಗದೆ ಇರತ್ತಾ?"

ಅವಳ ಸೌಟು ಕೈಯಲ್ಲೇ ಉಳಿಯಿತು. ಆ ಸಂಜೆ ಬಸ್ಸಿನಲ್ಲಿ ಇಳಿಯುವ ನಿಲ್ದಾಣ ದಾಟಿಹೋಗಿ ಎರಡು ನಿಲ್ದಾಣ ಹಿಂದಕ್ಕೆ ನಡೆದಳು.

ಪರೀಕ್ಷೆಯ ಹಿಂದಿನ ದಿನ ಮಕ್ಕಳೆಲ್ಲ ಮಧ್ಯಾಹ್ನವೇ ಹೋಗಿ ತಮ್ಮ ಪರೀಕ್ಷೆಯ ಶಾಲೆ ಎಲ್ಲಿದೆಯೆಂದು ನೋಡಿ ಬರುತ್ತಾರೆ. ಹಾನ್‌ಸೋಲ್ ಆರು ಗಂಟೆಗೇ ಮನೆಯಲ್ಲಿದ್ದಳು. ಜೊತೆಯವರು ಕೊಟ್ಟು ಕಳಿಸಿದ್ದ ಅಂಟಂಟಿನ ಮಿಠಾಯಿ ಮೇಜಿನ ಮೇಲಿತ್ತು. ಅಂಟು ತಿಂದವರು ಕಾಲೇಜಿಗೆ ಅಂಟಿಕೊಳ್ಳಲೆಂದು. ಅವಳು ಅದನ್ನು ಮುಟ್ಟಲಿಲ್ಲ. ಸಿಂಕಿನ ಪಕ್ಕ ನಿಂತು ಅನ್ನದ ಪೊಟ್ಟಣದ ಪ್ಲಾಸ್ಟಿಕ್ಕು ಎಳೆದಳು. ಏಳೂವರೆಯಾಯಿತು. ಸುನ್‌ಬುನ್ ಟೀವಿ ಆರಿಸಲು ಎದ್ದಳು, ಆದರೆ ಎದ್ದು ಆರಿಸಿದರೆ ಯಾಕೆಂದು ಮಗಳು ಕೇಳುತ್ತಾಳಲ್ಲ ಎಂದು ಮತ್ತೆ ಕೂತಳು.

ಅಮ್ಮನ ಧಾರಾವಾಹಿಯನ್ನು ಹಾನ್‌ಸೋಲ್ ನೋಡುತ್ತಿರಲಿಲ್ಲ. ಅಂದೂ ಗೋಡೆಯ ಕಡೆ ಮುಖ ಮಾಡಿಯೇ ತಿನ್ನುತ್ತಿದ್ದಳು. ಟಕ್ ಟಕ್ ಎಂದು ಸದ್ದು ಬಂದಾಗ ತಿರುಗಿದಳು.

ಪರದೆಯ ತುಂಬ ಎರಡು ಕೈಗಳಿದ್ದವು. ಆಮೇಲೆ ಹುಡುಗ ಬಂದ, ಕೂತ, ಮುಚ್ಚಳ ತೆಗೆದ. ಹಿನ್ನೆಲೆಯಲ್ಲಿ ಪಿಯಾನೋ ನುಡಿಸಿದರು. ಅವನು ನಿಧಾನವಾಗಿ ಕುಡಿದ, ನಿಧಾನವಾಗಿ ಅತ್ತ. ಸುನ್‌ಬುನ್ ಮಗಳ ಕಡೆ ನೋಡದೆ ನೆಲದ ಚಾಪೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಅದು ನಿನ್ ಕೈ," ಎಂದಳು ಹಾನ್‌ಸೋಲ್.

"ಹೂಂ."

"ಗಾಯ ಎಲ್ಲಿ ಹೋಯ್ತು?"

"ಬಣ್ಣ ಹಚ್ಚಿದ್ರು."

ಹಾನ್‌ಸೋಲ್ ಉಳಿದ ಅನ್ನವನ್ನು ಬಾಯಿಗೆ ಹಾಕಿಕೊಂಡು, ನುಂಗಿ, ಪ್ಲಾಸ್ಟಿಕ್ಕನ್ನು ಸಣ್ಣದಾಗಿ ಮಡಚಿದಳು.

"ಆ ಹುಡುಗ ದಡ್ಡ," ಎಂದಳು. "ಅಷ್ಟು ನಿಧಾನ ಯಾರ್ ಉಣ್ತಾರೆ? ಬೇಗ ಬೇಗ ಮುಗಿಸ್ಬೇಕು. ತಡ ಮಾಡಿದ್ರೆ ಅಮ್ಮ ತಿರುಗಿ ಬಟ್ಟಲೊಳಗೆ ನೋಡಿಬಿಡ್ತಾಳೆ. ಆಮೇಲೆ ದಿನವಿಡೀ ಅವಳ ಗತಿ ಏನು?"

ಚಾಪೆಯ ಮೇಲೆ ಉಗುರು ನಿಂತಿತು.

"ನಿಂಗೆ ಗೊತ್ತಿತ್ತಾ?"

"ಮೂಗಿಲ್ವಾ ನಂಗೆ? ರೂಮಿನ ಬಾಗಿಲು ತೆಗೆದಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಉಂಡೆ?"

"ನೀನು ನಿದ್ದೆ ಬಿಟ್ಟು ಮಾಡಿದ್ದೆ. ಹುಟ್ಟುಹಬ್ಬ ಬೇರೆ." ಅವಳು ನಲ್ಲಿ ತಿರುಗಿಸಿ ಕೈ ತೊಳೆದಳು. "ಗಣಿತದಲ್ಲಿ ಕೊನೇ ಎರಡು ಪುಟ ನೋಡೋಕೂ ಹೊತ್ತಿರ್ಲಿಲ್ಲ, ಅದಕ್ಕೆ ಹೋಯ್ತು. ಸಾರಿಂದ ಅಲ್ಲ. ಹೇಳ್ಬೇಕು ಅಂದ್ಕೊಂಡೆ. ಆದ್ರೆ ನಾನು ಊಟಕ್ಕೆ ಕೂತಾಗೆಲ್ಲ, ನೀನು ವಿಷ ಹಾಕಿದವಳ ಥರ ನನ್ ಬಾಯನ್ನೇ ನೋಡ್ತಾ ಕೂರ್ತಿದ್ದೆ. ಹಾಗೆ ನೋಡಿದ್ರೆ ಯಾರಿಗೆ ಗಂಟಲಲ್ಲಿ ಇಳಿಯತ್ತೆ?"

ಧಾರಾವಾಹಿಯಲ್ಲಿ ಆಗಿದ್ದರೆ ಇಲ್ಲಿ ಅಮ್ಮ ಓಡಿಹೋಗಿ ಮಗಳನ್ನು ಅಪ್ಪಿಕೊಳ್ಳಬೇಕಿತ್ತು. ಸುನ್‌ಬುನ್ ಕೂತಲ್ಲೇ ಕೂತಿದ್ದಳು. ಪರದೆಯಲ್ಲಿ ಬಾಂಗ್ ಮೇಡಂ ಬಟ್ಟಲು ತೊಳೆಯುತ್ತಿದ್ದರು. ಬೆರಳಿಗೆ ಸೊಪ್ಪಿನ ಎಳೆ ಅಂಟಿತು, ಜಾಹೀರಾತು ಬಂತು.

"ನಾಳೆ ಡಬ್ಬಿಗೆ ಏನು?" ಎಂದು ಕೇಳಿದಳು ಹಾನ್‌ಸೋಲ್, ಬೆನ್ನು ತಿರುಗಿಸಿಕೊಂಡೇ.

"ಸೋಯಾ ಸಾರು, ಫ್ಲಾಸ್ಕಲ್ಲಿ. ಸುರುಳಿ ಮೊಟ್ಟೆ. ಹುರಿದ ಕಿಮ್ಚಿ."

"ಮೊಟ್ಟೆ ಜಾರಲ್ವಾ?"

ಸುನ್‌ಬುನ್ ನಿಜವಾಗಿಯೂ ಯೋಚಿಸಿದಳು. "ಚೆನ್ನಾಗಿ ಬೇಯಿಸ್ತೀನಿ."

"ನಾನು ತಮಾಷೆ ಮಾಡ್ದೆ," ಎಂದು ಹೇಳಿ ಮಗಳು ರೂಮಿಗೆ ಹೋದಳು. ಹೋಗುತ್ತ ಮೇಜಿನ ಮೇಲಿನ ಮಿಠಾಯಿಯಲ್ಲಿ ಒಂದನ್ನು ಎತ್ತಿಕೊಂಡಳು.

ಬೆಳಿಗ್ಗೆ ಡಬ್ಬಿಯನ್ನೂ ಫ್ಲಾಸ್ಕನ್ನೂ ಶೂ ಪೆಟ್ಟಿಗೆಯ ಮೇಲೆ ಇಟ್ಟು, ಸುನ್‌ಬುನ್ ಬೇಕೆಂದೇ ಹಿತ್ತಿಲ ಕಡೆಯ ಬಾಲ್ಕನಿಗೆ ಹೋಗಿ ಬಟ್ಟೆ ಒಣಹಾಕತೊಡಗಿದಳು. ಒಂದೇ ಅಂಗಿಯನ್ನು ಮೂರು ಸಲ ಕೊಡವಿದಳು. ಬಾಗಿಲು ಮುಚ್ಚಿದ ಸದ್ದಾದ ಮೇಲೆ ಬಂದು ನೋಡಿದಳು. ಪೆಟ್ಟಿಗೆಯ ಮೇಲೆ ಡಬ್ಬಿಯಿದ್ದ ಜಾಗದಲ್ಲಿ ಫ್ಲಾಸ್ಕಿನ ತಳದ ಒದ್ದೆ ಉಂಗುರವೊಂದು ಉಳಿದಿತ್ತು, ಅಷ್ಟೇ.

ಚಿತ್ರೀಕರಣದ ಜಾಗದಲ್ಲಿ ಬಿನ್ನಾ ಫೋನು ಹಿಡಿದು ಕಾಯುತ್ತಿದ್ದಳು. "ಚಿಕ್ಕಮ್ಮಾ, ನಾಲ್ಕು ಸಾವಿರ ಜನ ಬರ್ದಿದಾರೆ. ಅರ್ಧ ಜನ ನಮ್ಮನ್ನ ಬೈದಿದಾರೆ, ಅಂಥ ಅಮ್ಮ ಎಲ್ಲಿರ್ತಾಳೆ ಅಂತ. ಇನ್ನರ್ಧ ಜನ, ನಮ್ಮನೇಲೂ ಹೀಗೇ ಆಗಿತ್ತು ಅಂತ."

"ಸೊಪ್ಪಿನ ಬಗ್ಗೆ ಯಾರಾದ್ರೂ ಏನಾದ್ರೂ ಅಂದ್ರಾ?"

"ಹಿಂಡಿದ್ದು ಜಾಸ್ತಿ ಆಯ್ತು ಅಂದ್ಲು ಒಬ್ಳು."

"ಅವಳಿಗೆ ಅಡುಗೆ ಬರಲ್ಲ," ಎಂದಳು ಸುನ್‌ಬುನ್.

ಮರುದಿನ ಹಾನ್‌ಸೋಲ್‌ಳ ಹುಟ್ಟುಹಬ್ಬ. ಸುನ್‌ಬುನ್ ಪರೀಕ್ಷೆಯ ದಿನವೇ ಮಧ್ಯಾಹ್ನ ಕೆಲಸ ಮುಗಿಸಿ ಮನೆಗೆ ಬಂದು ಒಣ ಸೊಪ್ಪನ್ನು ನೀರಿಗೆ ಹಾಕಿದಳು. ಚಿತ್ರೀಕರಣಕ್ಕೆ ಎಷ್ಟು ಸಲ ನೆನೆಸಿದ್ದಳೋ, ಅಲ್ಲೆಲ್ಲ ಅಳತೆ ತಪ್ಪಿದ್ದಿಲ್ಲ. ಇಲ್ಲಿ ಒಂದು ಹಿಡಿ ಸಾಲದೆನಿಸಿತು, ಇನ್ನೊಂದು ಹಿಡಿ ಹಾಕಿದಳು, ಅದೂ ಸಾಲದೆನಿಸಿತು. ಬಟ್ಟಲು ತುಂಬಿತು. ದೊಡ್ಡ ಬೋಗುಣಿಗೆ ಸುರಿದಳು, ಅದೂ ತುಂಬಿ ಕಪ್ಪು ಹಸಿರಿನ ಸೊಪ್ಪು ಅಂಚು ದಾಟಿ ಸಿಂಕಿನೊಳಕ್ಕೆ ಇಳಿಯಿತು.

ಹೊತ್ತು ಮುಳುಗುವ ಮುಂಚೆ ಹಾನ್‌ಸೋಲ್ ಬಂದಳು. ಪರೀಕ್ಷೆ ಹೇಗಾಯಿತೆಂದು ಇವಳು ಕೇಳಲಿಲ್ಲ, ಅವಳು ಹೇಳಲಿಲ್ಲ. ಖಾಲಿ ಡಬ್ಬಿಯನ್ನು ಸಿಂಕಿನಲ್ಲಿಡಲು ಹೋದಳು, ಜಾಗವಿರಲಿಲ್ಲ.

"ಇಡೀ ಬೀದಿಗೆ ಹುಟ್ಟುಹಬ್ಬಾನಾ?" ಎಂದಳು. ಆಮೇಲೆ ಡಬ್ಬದಲ್ಲಿ ನಿಂತಿದ್ದ ತನ್ನ ಚಮಚ ಕಡ್ಡಿಗಳನ್ನು ತೆಗೆದು, ಮೇಜಿನ ಮೇಲೆ ಅಮ್ಮನ ಚಮಚದ ಪಕ್ಕ ಇಟ್ಟು, ಬಟ್ಟೆ ಬದಲಾಯಿಸಲು ಒಳಗೆ ಹೋದಳು.