ಬಂಡೆಪ್ಪನ ಎಡೆ

ಭಾನುವಾರವೂ ಲ್ಯಾಬಿಗೆ ಬರುವವಳು ನಾನೊಬ್ಬಳೇ. ಸೀಸೆಯಲ್ಲಿ ಸಾಕಿದ ಮಲೇರಿಯಾ ರೋಗಾಣುಗಳಿಗೆ ರಜೆ ಗೊತ್ತಿಲ್ಲ. ಬದುಕಲು ಅವಕ್ಕೆ ಮನುಷ್ಯರ ರಕ್ತವೇ ಬೇಕು. ಬ್ಲಡ್ ಬ್ಯಾಂಕಿನಲ್ಲಿ ಸಿಗದ ವಾರ ನನ್ನದನ್ನೇ ಕೊಡುತ್ತಿದ್ದೆ. "ಹಾವಿಗೆ ಹಾಲೆರೀತಿದ್ದೀಯಲ್ಲೇ ಶಾಮಲಾ" ಎಂದು ಮೈಸೂರಿನಿಂದ ಅಮ್ಮ ಫೋನಿನಲ್ಲಿ ಬೈಯುತ್ತಿದ್ದಳು. ಬೈಯಲಿ. ಬಾಂದ್ರಾದ ಬಾಡಿಗೆ ಕೋಣೆಯಲ್ಲಿ ನನ್ನನ್ನು ಕೇಳುವವರಿರಲಿಲ್ಲ. ಇಡೀ ಮುಂಬೈಯಲ್ಲಿ ನನ್ನ ದಾರಿ ಕಾಯುತ್ತಿದ್ದದ್ದು ಆ ಸೀಸೆಗಳು ಮಾತ್ರ.

ಅವುಗಳಲ್ಲಿ ಒಂದು ಬಂಡೆಪ್ಪನ ರಕ್ತದಿಂದ ಬೆಳೆಸಿದ್ದು. ಪವಾಯಿಯಲ್ಲಿ ಬಿಲ್ಡಿಂಗ್ ಕೆಲಸಕ್ಕಿದ್ದ ಅವನು ಎಂಬತ್ತೆಂಟರ ಮಳೆಗಾಲದಲ್ಲಿ ಜ್ವರ ಮೆದುಳಿಗೇರಿ ಸತ್ತ. ಅವನೊಬ್ಬನ ರಕ್ತದಲ್ಲೇ ಎರಡು ಕುಲದ ರೋಗಾಣುಗಳಿದ್ದವು. ಒಂದು ಮಾತ್ರೆಗೆ ಸತ್ತಿತ್ತು, ಇನ್ನೊಂದು ಜಗ್ಗಿರಲಿಲ್ಲ. ಆ ಜಗ್ಗದ ಕುಲ ಊರಲ್ಲಿ ಇನ್ನೆಲ್ಲಿ ಹಬ್ಬಿದೆ ಎಂದು ಪತ್ತೆ ಮಾಡುವುದು ನನ್ನ ಕೆಲಸ. ಹೋಲಿಸಿ ನೋಡಲು ಅವನ ಸೀಸೆ ಉಳಿಯಲೇಬೇಕಿತ್ತು.

ಮಹಾಲಯ ಅಮಾವಾಸ್ಯೆಯಂದು, ಸತ್ತವರಿಗೆ ಎಡೆಯಿಡುವ ದಿನ, ಅವನ ಹೆಂಡತಿ ಹನುಮವ್ವ ಬುತ್ತಿಯ ಗಂಟು ಹಿಡಿದು ಬಂದಳು.

"ಅಕ್ಕಾರ, ಅವರ ರಗತ ಇನ್ನಾ ಜೀವಂತ ಐತಂತಲ್ರಿ. ನೀವು ದಿನಾ ದೀಪ ಹಚ್ಚತೀರಂತ, ಪ್ಯೂನ್ ಹೇಳಿದ. ನನ್ನ ಹತ್ರ ಅವರದೊಂದು ಫೋಟೋನೂ ಇಲ್ರಿ. ಅದರ ಮುಂದನ ಎಡಿ ಇಡತೀನಿ."

ನಾನಾಗಲೇ ಸೀಸೆಗಳನ್ನು ಗಾಜಿನ ಜಾಡಿಯಲ್ಲಿಟ್ಟು ಮೇಣದಬತ್ತಿ ಹಚ್ಚಿ ಮುಚ್ಚಿದ್ದೆ. ಬತ್ತಿ ಸಣ್ಣಗಾಗಿ ಆರಿತು.

"ಅಯ್ಯ ಶಿವನ, ಆರಿತಲ್ರಿ!" ಹನುಮವ್ವ ಎದೆ ಹಿಡಿದುಕೊಂಡಳು.

"ಆರಲೇಬೇಕು ಹನುಮವ್ವ. ಗಾಳಿ ಕಮ್ಮಿಯಾದ್ರೇನೇ ಇವು ಬದುಕೋದು."

"ಇವು ಅಂದ್ರ?"

ಸುಮ್ಮನಿದ್ದರೆ ಎಡೆಯಿಟ್ಟು ನೆಮ್ಮದಿಯಿಂದ ಹೋಗುತ್ತಿದ್ದಳು. ಆದರೆ ಗಂಡನ ಜಾಗದಲ್ಲಿ ಅವನನ್ನು ಕೊಂದದ್ದನ್ನು ಕೂರಿಸಲು ನನಗೆ ಮನಸ್ಸು ಬರಲಿಲ್ಲ.

"ಅವರ ರಕ್ತ ಯಾವತ್ತೋ ಮುಗಿದುಹೋಯ್ತು. ಉಳಿದಿರೋದು ಅವರನ್ನ ಕೊಂದ ರೋಗದ ಹುಳ. ಈಗಿರೋ ರಕ್ತ ನಂದು."

ಹನುಮವ್ವ ಬಗ್ಗಿ ಜಾಡಿಯೊಳಗೆ ನೋಡಿದಳು. "ಇದನ್ನ ಕೊಲ್ಲಾಕ ಬರಾಂಗಿಲ್ಲೇನ್ರಿ?"

"ಬರುತ್ತೆ. ಆದ್ರೆ ಇದು ಸತ್ರೆ, ಬೇರೆಯವರಿಗೂ ಇದೇ ಬಂದಿದೆಯಾ ಅಂತ ಹೇಗೆ ನೋಡಲಿ?"

ಹನುಮವ್ವ ಗಂಟೆತ್ತಿಕೊಂಡು ಹೊರಟಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು ಗಂಟನ್ನು ನನ್ನ ಮುಂದೆ ಹಿಡಿದಳು.

"ಅವರನ್ನ ಕೊಂದಿದ್ದಕ್ಕ ನಾ ಎಡಿ ಇಡಾಂಗಿಲ್ರಿ. ರಗತ ನಿಮ್ಮದಂದ್ರ ನೀವ ಉಣ್ರಿ. ಮಾರಿ ಎಷ್ಟ ಬೆಳ್ಳಗಾಗೇತಿ ನೋಡ್ರಿ."

ಲ್ಯಾಬಿನಲ್ಲಿ ತಿನ್ನುವಂತಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು ಇಬ್ಬರೂ ರೊಟ್ಟಿ ಪಲ್ಯ ತಿಂದೆವು. ಈ ಊರಿಗೆ ಬಂದಮೇಲೆ ನನ್ನ ಮುಖ ನೋಡಿ ಉಣ್ಣು ಎಂದವಳು ಇವಳೊಬ್ಬಳೇ. ಅಳು ಬಂತು, ಖಾರವೆಂದೆ.

ಒಂದೇ ಒಂದು ಶೇಂಗಾ ಹೋಳಿಗೆ ಇತ್ತು. ಬಂಡೆಪ್ಪನಿಗೆ ಅದೆಂದರೆ ಪ್ರಾಣವಂತೆ. ಅರ್ಧ ಮುರಿದುಕೊಟ್ಟರೂ ಅವಳು ಮುಟ್ಟಲಿಲ್ಲ. ಇಡೀ ಹೋಳಿಗೆಯನ್ನು ನಾನೇ ತಿಂದು ಮುಗಿಸುವವರೆಗೆ ಎದುರಿಗೇ ಕೂತಿದ್ದಳು.