ಗೊಬ್ಬರ ಹಾಕದ ಎಂಟು ಸಾಲು

ಸೊಸೆಗೆ ಸಿಟ್ಟು ಬಂದದ್ದು ಮಣ್ಣು ಪರೀಕ್ಷೆಯವನ ಮಾತಿಗಲ್ಲ, ಅದನ್ನು ಕೇಳಿ ಮಾವ ನಕ್ಕ ನಗುವಿಗೆ.

ಆತ ಪಾಪ, ಅಂಗಳದಲ್ಲಿ ನಿಂತುಕೊಂಡೇ ಹೇಳಿದ್ದ. "ಯಜಮಾನ್ರೇ, ನಿಮ್ಮ ಹೊಲದಲ್ಲಿ ರಂಜಕ ತುಂಬಿ ತುಳುಕ್ತಾ ಇದೆ. ಇಷ್ಟು ವರ್ಷ ಹಾಕಿದ್ದೆಲ್ಲ ಅಲ್ಲೇ ಕೂತಿದೆ. ಇನ್ನು ಮೂರ್ನಾಲ್ಕು ವರ್ಷ ರಂಜಕದ ಸೂಪರ್ ಗೊಬ್ಬರ ಹಾಕದೇ ಇದ್ರೂ ಮೆಕ್ಕೆಜೋಳಕ್ಕೆ ಗೊತ್ತೇ ಆಗಲ್ಲ. ಯೂರಿಯಾ ಮಾತ್ರ ಬಿಡಬೇಡಿ, ಸಾಕು."

"ನೀನು ಹುಟ್ಟೋಕೆ ಮುಂಚಿಂದ ಹಾಕ್ತಾ ಇದೀನಪ್ಪ ನಾನು," ಎಂದು ಮಾವ ಹೊಟ್ಟೆ ಕುಲುಕಿಸಿ ನಕ್ಕರು. "ನಿನ್ನ ಮಾತು ಕೇಳಿ ಪೈರನ್ನ ಉಪವಾಸ ಕೆಡವಲಾ?"

ನಾನು ಹಾಕ್ತಾ ಇದೀನಿ ಅಂತೆ. ಬಾಗಿಲ ಹಿಂದೆ ನಿಂತಿದ್ದ ಸೊಸೆಗೆ ಮೈಯೆಲ್ಲ ಉರಿಯಿತು.

ಆ ಮನೆಯಲ್ಲಿ ಗೊಬ್ಬರ ಹಾಕುವುದೆಂದರೆ ಹೇಗೆ ಎಂದು ಹೇಳಿಬಿಡುವುದು ಒಳ್ಳೆಯದು. ಮಾವ ಟ್ರ್ಯಾಕ್ಟರ್ ಮೇಲೆ ಕೂತು ಸಾಲು ಹೊಡೆಯುತ್ತಾ ಹೋಗುತ್ತಾರೆ. ಹಿಂದೆ ಅತ್ತೆಗೊಂದು ಸಾಲು, ಸೊಸೆಗೊಂದು ಸಾಲು. ಸೊಂಟಕ್ಕೆ ಬುಟ್ಟಿ ಒತ್ತಿಕೊಂಡು, ಬಗ್ಗಿ, ಗೇಣಿಗೊಂದು ಚಿಟಿಕೆಯಂತೆ ಹರಳು ಇಟ್ಟು, ಕಾಲಿನಿಂದ ಮಣ್ಣು ಎಳೆದು ಮುಚ್ಚುತ್ತಾ ಬರಬೇಕು. ಅವರ ಹಿಂದೆ ಸೊಸೆಯ ಗಂಡ, ಉದ್ದದ ಕೊಳವೆಯೊಳಗೆ ಬೀಜ ಬಿಡುತ್ತಾ, ಪೇಟೆ ಸುತ್ತಲು ಹೊರಟವನ ಹಾಗೆ ನೆಟ್ಟಗೆ ನಡೆದು ಬರುತ್ತಾನೆ. ಬೀಜಕ್ಕೆ ಕೊಳವೆಯಿತ್ತು. ಗೊಬ್ಬರಕ್ಕೆ ಹೆಂಗಸರ ಬೆನ್ನಿತ್ತು.

ಗೊಬ್ಬರಕ್ಕೂ ಒಂದು ಕೊಳವೆ ಮಾಡಿಸಿ ಎಂದು ಮದುವೆಯಾಗಿ ಬಂದ ಮೊದಲ ಬಿತ್ತನೆಯಲ್ಲೇ ಅವಳು ಕೇಳಿದ್ದಳು.

"ಯೂರಿಯಾ ಆದ್ರೆ ನೀರಿನ ಜೊತೆ ಓಡಾಡುತ್ತಮ್ಮ," ಎಂದಿದ್ದರು ಮಾವ. "ಇದು ಬಿದ್ದ ಜಾಗ ಬಿಟ್ಟು ಕದಲಲ್ಲ. ಬೀಜದ ಪಕ್ಕ, ಬೀಜಕ್ಕೆ ತಾಗದ ಹಾಗೆ, ಬೇರಿನ ಬಾಯಿಗೇ ಇಡಬೇಕು. ಅದು ಕೊಳವೆಗೆ ಗೊತ್ತಾಗುತ್ತಾ?"

ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಅವಳ ಸಿಟ್ಟಿಗೆ ಇನ್ನೊಂದು ಕಾರಣ. ಬಿತ್ತನೆ ಮುಗಿಯುವಷ್ಟರಲ್ಲಿ ಬೆರಳ ತುದಿ ಸೀಳು ಬಿಟ್ಟು, ಪಾತ್ರೆ ತೊಳೆಯುವಾಗ ಸೋಪಿನ ನೀರು ತಾಗಿದರೆ ಜೀವ ಹೋದಂತಾಗುತ್ತಿತ್ತು. ಬೆಳಗ್ಗೆ ಗೋಡೆ ಹಿಡಿಯದೆ ಏಳಲಾಗುತ್ತಿರಲಿಲ್ಲ. ಅತ್ತೆಯಂತೂ ಹೊಲದಲ್ಲಿರಲಿ, ಮನೆಯಲ್ಲೂ ಅರ್ಧ ಬಗ್ಗಿಯೇ ನಡೆಯುತ್ತಿದ್ದರು. ಮುಂದೆ ತಾನೂ ಹೀಗೇ ನಡೆಯುವವಳು ಎಂದು ಸೊಸೆ ಅವರನ್ನು ನೋಡಿದಾಗಲೆಲ್ಲ ಅಂದುಕೊಳ್ಳುತ್ತಿದ್ದಳು. ಬೇಕಾಗಿದ್ದರೆ ಸರಿ, ಹಲ್ಲು ಕಚ್ಚಿಕೊಂಡು ಮಾಡಬಹುದು. ಬೇಡದ ಕೆಲಸಕ್ಕೆ ಸೊಂಟ ಮುರಿದುಕೊಳ್ಳುವುದೆಂದರೆ?

ಮಣ್ಣು ಪರೀಕ್ಷೆಯವನು ಅತ್ತ ಹೋಗುತ್ತಲೇ ಅವಳು ಹೊರಗೆ ಬಂದಳು. "ಮಾವ, ಈ ಸಲ ಎಂಟು ಸಾಲಿಗೆ ಸೂಪರ್ ಹಾಕೋದು ಬೇಡ. ಪಕ್ಕದ ಎಂಟು ಸಾಲಿಗೆ ಹಾಕೋಣ. ಯೂರಿಯಾ, ನೀರು, ಕಳೆ ಎಲ್ಲ ಎರಡಕ್ಕೂ ಒಂದೇ. ಕೊಯ್ಲಲ್ಲಿ ತೂಗಿ ನೋಡೋಣ."

"ತೂಗಿ?"

"ಸಮ ಬಂದ್ರೆ ಇನ್ನು ಮೇಲೆ ಹಾಕೋದು ನಿಲ್ಲಿಸಬೇಕು. ಕಡಿಮೆ ಬಂದ್ರೆ ನಾನು ಹೊಲದ ವಿಷಯಕ್ಕೆ ಬಾಯಿ ಹಾಕಲ್ಲ. ಸಾಯೋವರೆಗೂ ಬಗ್ಗಿ ಹಾಕ್ತೀನಿ."

ಸೊಸೆಯ ಬಾಯಿಗೆ ಬೀಗ ಬೀಳುತ್ತದೆಂದರೆ ಎಂಟು ಸಾಲು ಹೋದರೂ ಲಾಭವೇ ಎಂದು ಮಾವನಿಗೆ ಅನ್ನಿಸಿರಬೇಕು. ಒಪ್ಪಿದರು. ಗಂಡ ಎಂದಿನಂತೆ ಅಪ್ಪನ ಮುಖ ನೋಡಿ, ಆಮೇಲೆ ಹೆಂಡತಿಯ ಮುಖ ನೋಡಿ, ಮೊಬೈಲ್ ನೋಡಿದ. ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ.

ಎಂಟು ಸಾಲು ರಸ್ತೆಯ ಬದಿಗೇ ಇದ್ದವು. ಪೈರು ಮೊಣಕಾಲೆತ್ತರ ಬರುವ ತನಕ ಮಾವ ದಿನಾ ಹೋಗಿ ಎಲೆ ಮಗುಚಿ ನೋಡುತ್ತಿದ್ದರು. ರಂಜಕ ಸಾಲದಿದ್ದರೆ ಎಳೆ ಪೈರಿನ ಕೆಳಗಿನ ಎಲೆಯ ಅಂಚು ನೇರಳೆಗೆ ತಿರುಗುತ್ತದೆ. ಆ ನೇರಳೆಗಾಗಿ ಅವರು ಹುಡುಕುತ್ತಿದ್ದರು. ಸೊಸೆಯೂ ಕದ್ದು ಹೋಗಿ ನೋಡುತ್ತಿದ್ದಳು. ಅಲ್ಲೂ ಹಸಿರು, ಇಲ್ಲೂ ಹಸಿರು. ನಡುವೆ ಅವಳು ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿ ಒಂದಷ್ಟು ದಿನ ಇದ್ದು ಬಂದಳು. ಬಂದು ನೋಡಿದರೆ ಎರಡೂ ಕಡೆ ಪೈರು ಆಳೆತ್ತರ ನಿಂತಿತ್ತು.

ಕೊಯ್ಲಾಯಿತು. ಎಂಟು ಸಾಲಿನ ತೆನೆ ಬೇರೆ, ಪಕ್ಕದ ಎಂಟು ಸಾಲಿನದು ಬೇರೆ, ಸೊಸೆಯೇ ನಿಂತು ರಾಶಿ ಮಾಡಿಸಿದಳು. ತೂಕದವನು ಯಂತ್ರ ತಂದು ಅಂಗಳದಲ್ಲಿ ಇಟ್ಟ. ಗೊಬ್ಬರ ಹಾಕಿದ ರಾಶಿ ಮೊದಲು ತೂಗಿತು. ಹಾಕದ್ದು ಆಮೇಲೆ. ತೂಕದವನು ಸಂಖ್ಯೆ ಕೂಗಿ, ತಾನೇ ನಂಬದೆ ಇನ್ನೊಮ್ಮೆ ಮೂಟೆ ಏರಿಸಿ ನೋಡಿದ. ಹಾಕದ ಸಾಲು ಒಂದು ಹಿಡಿ ಹೆಚ್ಚೇ ಇತ್ತು.

ಸೊಸೆ ಉಸಿರು ಬಿಟ್ಟಳು. ಎಷ್ಟೋ ವರ್ಷಗಳ ಬೆನ್ನು ನೋವು ಆ ಉಸಿರಿನಲ್ಲೇ ಹೊರಗೆ ಹೋದಂತೆ ಅನ್ನಿಸಿತು. "ಮಾವ, ಮಾತು ಕೊಟ್ಟಿದೀರ," ಎಂದಳು.

ಮಾವ ನಗುತ್ತಿದ್ದರು. ಸೋತವರ ನಗೆಯಲ್ಲ ಅದು.

"ಹುಚ್ಚಿ, ನೀನು ತವರಿಗೆ ಹೋಗಿದ್ಯಲ್ಲ, ಆಗ ನಾನು ಹಾಕಿದೆ ಅದಕ್ಕೂ. ರಸ್ತೆ ಪಕ್ಕದ ಪೈರು, ಹೋಗೋರು ಬರೋರು ಏನಂತಾರೆ? ಹಸಿದ ಪೈರು ನೋಡಿಕೊಂಡು ಊಟ ಇಳಿಯುತ್ತಾ ನನಗೆ? ಹೊಟ್ಟೇಲಿ ಹುಟ್ಟಿದ ಮಕ್ಕಳ ಹಾಗೆ ಕಣಮ್ಮ ಅವು."

ತೂಕದವನು ನಕ್ಕ. ಗಂಡನೂ ಹಗುರಾಗಿ ನಕ್ಕ. ಯಜಮಾನರ ಕರುಳು ಎಂಥದ್ದು ನೋಡಿ ಎಂಬಂಥ ನಗು. ಸೊಸೆ ಮಾವನನ್ನೇ ನೋಡಿದಳು. ಪೈರಿನ ಮೇಲೆ ಇಷ್ಟು ಕರುಳಿದ್ದವರಿಗೆ ಅದರ ಬುಡದಲ್ಲಿ ಬಗ್ಗಿದವರು ಇಷ್ಟು ವರ್ಷ ಕಾಣಲೇ ಇಲ್ಲವಲ್ಲ.

"ನೀವು ಹಾಕಿದ್ರಾ?" ಎಂದಳು. "ನೀವೇ ಬಗ್ಗಿ?"

"ನಾನು ಅಂದ್ರೆ, ನಿಮ್ಮತ್ತೆ ಕೈಲಿ ಹಾಕಿಸಿದೆ."

ಅವಳು ಅತ್ತೆಯ ಕಡೆ ತಿರುಗಿದಳು. ಅತ್ತೆ ತೆನೆ ರಾಶಿಯ ಪಕ್ಕ ಕೂತು ಸಿಪ್ಪೆ ಸುಲಿಯುತ್ತಿದ್ದರು. ಅವರ ಕೈ ನಿಂತಿತ್ತು. ಮುಖ ಕೆಂಪಾಗಿತ್ತು. ಅವರಿಗೆ ನಾಚಿಕೆಯಾಗಿದೆ ಎಂದು ಸೊಸೆ ಮೊದಲು ತಿಳಿದಳು.

"ನಾನು ಹಾಕಲಿಲ್ಲ," ಎಂದರು ಅತ್ತೆ.

"ಏನೇ ಅದು?"

"ಹಾಕಲಿಲ್ಲ ರೀ. ಮೂಟೆ ಶೆಡ್ಡಲ್ಲಿ ಹಳೇ ಟೈರಿನ ಹಿಂದೆ ಇದೆ. ಕಲ್ಲಾಗಿರುತ್ತೆ ಈಗ, ಹೋಗಿ ನೋಡಿ. ಬದುವಿನ ಮೇಲೆ ಕೂತಿದ್ದು, ಸಂಜೆ ಎದ್ದು ಮನೆಗೆ ಬಂದೆ."

ಮಾವ ಹೋಗಿ ನೋಡಿದರು. ಶೆಡ್ಡಿನಿಂದ ಬರುವಾಗ ಅವರ ನಡಿಗೆಯೇ ಬೇರೆಯಾಗಿತ್ತು. ತೂಕದವನು ಇನ್ನು ಇಲ್ಲಿರುವುದು ಕ್ಷೇಮವಲ್ಲ ಎಂದು ಯಂತ್ರ ಕಟ್ಟಿಕೊಂಡು ಹೊರಟ.

"ಇಷ್ಟು ವರ್ಷ ನಂಬಿದ್ದೆ ನಿನ್ನ," ಎಂದರು ಮಾವ. "ಇದೊಂದು ಸಲ ನನ್ನ ಕಣ್ಣಿಗೆ ಮಣ್ಣೆರಚಿಬಿಟ್ಟೆ."

"ಇದೊಂದು ಸಲ ಅಂತ ಯಾರು ಹೇಳಿದ್ರು?" ಅತ್ತೆ ಕೈಲಿದ್ದ ತೆನೆಯನ್ನು ರಾಶಿಗೆ ಎಸೆದರು. "ಸೊಂಟ ಹಿಡಿದಾಗೆಲ್ಲ ಬಿಟ್ಟಿದೀನಿ. ನಡುವಿನ ಸಾಲುಗಳು. ನೀವು ತಿರುಗಿ ನೋಡಿದಾಗ ಬಗ್ಗೋದು, ಇಲ್ಲಾಂದ್ರೆ ಸುಮ್ನೆ ಕಾಲಲ್ಲಿ ಮಣ್ಣು ಎಳೀತಾ ಹೋಗೋದು. ನಿಮ್ಮ ಮಗನ ಕಣ್ಣು ಕೊಳವೆ ಬಿಟ್ಟು ಆಚೆ ಹೋಗ್ತಿರಲಿಲ್ಲ. ಒಂದು ತೆನೆ ಕಡಿಮೆ ಬಂತಾ? ಆ ಸಾಲುಗಳನ್ನೇ ತೋರಿಸಿ ನನ್ನ ಬೆಳೆ ನೋಡಿ ಅಂತ ಮೀಸೆ ತಿರುವಿದೋರು ನೀವು."

ಮಾವ, "ಹಾಳಾಗಿ ಹೋಗಲಿ, ಮುಂದಿನ ಬಿತ್ತನೆಗೆ ಬೇಡ," ಎಂದು ಗೊಣಗಿ, ಅಂಗಳದ ತುದಿಯ ಬೆಂಚಿನ ಮೇಲೆ ಹೋಗಿ ಕೂತರು.

ಗೆದ್ದಂತಾಯಿತು. ಅತ್ತೆಯನ್ನು ಅಪ್ಪಿಕೊಳ್ಳಬೇಕು ಅನ್ನಿಸಿ ಸೊಸೆ ಅವರ ಹಿಂದೆಯೇ ಅಡುಗೆಮನೆಗೆ ಹೋದಳು. ಹೊಸ್ತಿಲು ದಾಟುವಾಗ ಅವಳ ತಲೆಯಲ್ಲಿ ಏನೋ ಚುಚ್ಚಿತು. ಮೂಟೆಗಳೆಲ್ಲ ಪ್ರತಿ ಸಲ ಖಾಲಿಯಾಗಿಯೇ ಮನೆಗೆ ಬರುತ್ತಿದ್ದವು. ಮಾವ ಕೊಡವಿ ಮಡಚಿಡುತ್ತಿದ್ದುದನ್ನು ಅವಳೇ ನೋಡಿದ್ದಳು.

"ಅತ್ತೆ, ನೀವು ಬಿಟ್ಟ ಸಾಲಿನ ಗೊಬ್ಬರ ಎಲ್ಲಿಗೆ ಹೋಗ್ತಿತ್ತು?"

ಅತ್ತೆ ನಲ್ಲಿಗೆ ಕೈಯೊಡ್ಡಿ ನಿಂತರು. "ನಿನ್ನ ಬುಟ್ಟಿಗೆ," ಎಂದರು.

ಬುಟ್ಟಿ ತುಂಬಿಸುತ್ತಿದ್ದವರು ಅವರೇ. ಒತ್ತೊತ್ತಾಗಿ ಇಡು, ಇನ್ನೊಂದು ಸುತ್ತು ಹೋಗಿ ಬಾ, ಮೂಟೆ ಉಳಿಸಬಾರದು ಎಂದು ಕಳಿಸುತ್ತಿದ್ದವರೂ ಅವರೇ. ಎಲ್ಲರೂ ಮನೆ ಸೇರಿದ ಮೇಲೂ ಅವಳೊಬ್ಬಳೇ ಹೊಲದಲ್ಲಿ ಬಗ್ಗಿಕೊಂಡಿರುತ್ತಿದ್ದಳು; ನಿನ್ನ ಕೈ ನಿಧಾನ ಎಂದು ಗಂಡ ಆಡಿಕೊಳ್ಳುತ್ತಿದ್ದ. ತನ್ನ ಕೈಯೇ ನಿಧಾನವೆಂದು ಅವಳೂ ನಂಬಿದ್ದಳು.

"ಬೇಡ ಅಂತ ಗೊತ್ತಿದ್ದೂ ಹಾಕಿಸಿದ್ರಾ?" ಸೊಸೆಯ ದನಿ ಏರಿತು. "ಮಾವನಿಗಾದ್ರೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ಒಂದು ಮಾತು ನನ್ನ ಕಿವಿಗೆ ಹಾಕಿದ್ರೆ ನಾನೂ ಬಿಡ್ತಿದ್ದೆ."

"ಇಬ್ಬರೂ ಬಿಟ್ರೆ ಮೂಟೆ ಉಳೀತಿತ್ತು. ಸಿಕ್ಕಿಬೀಳ್ತಿದ್ವಿ."

"ಅದಕ್ಕೆ ನನ್ನ ಬೆನ್ನಾ?"

"ನೀನು ಬರೋವರೆಗೂ ಬಿಡೋ ಹಾಗೇ ಇರಲಿಲ್ಲ ನನಗೆ. ನೀನು ಬಂದೆ, ಒಂದಿಷ್ಟು ಉಸಿರಾಡಿದೆ." ಅತ್ತೆಯ ದನಿಯಲ್ಲಿ ಕ್ಷಮೆಯೂ ಇರಲಿಲ್ಲ, ಅಳುವೂ ಇರಲಿಲ್ಲ. ಇನ್ನೂ ಆರದ ಸಿಟ್ಟಿತ್ತು. "ಇವತ್ತೂ ಬಾಯಿ ಬಿಡ್ತಿರಲಿಲ್ಲ. ನಾನು ಹಾಕಿದೆ ಅಂದ್ರಲ್ಲ ಅವರು, ತಡ್ಕೊಳ್ಳೋಕಾಗಲಿಲ್ಲ."

"ನನ್ನ ಅಷ್ಟು ವರ್ಷ ಯಾರು ವಾಪಸ್ ಕೊಡ್ತಾರೆ ಅತ್ತೆ? ಹೇಳಿ, ಯಾರನ್ನ ಕೇಳಲಿ?"

"ನಾನು ಯಾರನ್ನ ಕೇಳಲಿ ನನ್ನದನ್ನ?"

ಈ ಹೆಂಗಸನ್ನು ತಾನು ಬೇಗ ಕ್ಷಮಿಸುವವಳಲ್ಲ ಎಂದು ಸೊಸೆಗೆ ಖಚಿತವಾಗಿ ಗೊತ್ತಾಯಿತು. ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಅತ್ತೆಯೂ ಸೊಂಟ ಹಿಡಿದುಕೊಂಡು ಎದುರು ಗೋಡೆಗೆ ಒರಗಿ ಕೂತರು. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದರು.

ಅಷ್ಟರಲ್ಲಿ ಹೊರಗಿನಿಂದ ಮಾವ ಕೂಗಿದರು. "ಯಾರಾದ್ರೂ ಒಂದು ಲೋಟ ನೀರು ಕೊಡ್ರೇ."

ಇಬ್ಬರೂ ಏಳಲಿಲ್ಲ.