ಅರಿಶಿನ ಹಚ್ಚಿದ ಕಾಗದ

ಮೆಡಿಕಲ್ ಕಾಲೇಜಿಗೆ ಹೋಗುವಾಗ ಏನೇನು ತಗೊಂಡು ಹೋಗಬೇಕು ಅನ್ನುವುದು ನನಗಿಂತ ನಮ್ಮ ಊರು ಹಚ್ಚೊಳ್ಳಿಗೇ ಚೆನ್ನಾಗಿ ಗೊತ್ತಿತ್ತು. ನನಗೆ ಬಳ್ಳಾರಿಯಲ್ಲಿ ಡಾಕ್ಟರ್ ಸೀಟು ಸಿಕ್ಕಿದೆ ಎಂದು ಸುದ್ದಿಯಾಗಿದ್ದೇ ತಡ, ಊರವರು ಅದನ್ನು ಇಂಟರ್‌ವ್ಯೂ ಎಂದು ತಿಳಿದು ಅದಕ್ಕೆ ‘ಇಂಟ್ರೂ’ ಎಂದು ಹೆಸರಿಟ್ಟರು. ಅಸಲಿ ಕಾಗದ ತೋರಿಸಿ ಹೆಸರು ಹಚ್ಚಿ ಬರುವುದು ಅಷ್ಟೇ ಎಂದರೆ ಯಾರು ಕೇಳಬೇಕು? ಮಗ್ಗುಲ ಮನೆಯ ಅಯ್ಯಣ್ಣ ಕಾಕಾ, “ಕಿಸೆದಾಗ ಒಂದು ನಿಂಬಿಹಣ್ಣು ಇಟ್ಕೋ, ಪ್ರಶ್ನಿ ಕೇಳೋ ಮುಂದ ಗಟ್ಟಿ ಹಿಡ್ಕೋ” ಅಂದ. ನನ್ನ ಚೂಡಿದಾರಕ್ಕೆ ಕಿಸೆಯೇ ಇಲ್ಲ ಎಂದರೆ, ಹಾಗಾದರೆ ಕಿಸೆ ಇದ್ದ ಬಟ್ಟೆ ಹೊಲಿಸು ಅಂದ. ಅವ್ವ ಮೊಸರನ್ನದ ಬುತ್ತಿ ಕಟ್ಟಿದಳು.

ಅಜ್ಜಿ ಮಾತ್ರ, “ನನ್ನ ಕರ್ಕೊಂಡು ಹೋಗು” ಅಂದಳು.

“ಅಲ್ಲಿ ನಿಂದೇನು ಕೆಲಸ ಐತಿ ಅಜ್ಜಿ?”

“ನಿಂದು ಐತಲ್ಲ, ಸಾಕು.”

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ಸಿಟ್ಟು ಅಜ್ಜಿಯಿಂದಲೇ ಬಂದ ಆಸ್ತಿ, ಹಾಗಾಗಿ ಆಕೆಯ ಮುಂದೆ ಅದರ ಆಟ ನಡೆಯುವುದಿಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟು ಆಕೆಗೇ ಎಂದು ಒಪ್ಪಂದವಾಯಿತು.

ಅಜ್ಜಿಯ ಹೆಸರು ಹಂಪಮ್ಮ. ನನ್ನನ್ನು ಸಾಕಿದವಳು ಆಕೆಯೇ. ಅಪ್ಪ ಟ್ರ್ಯಾಕ್ಟರ್ ಓಡಿಸುತ್ತಾನೆ, ಅವ್ವ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿಗೂ ಕಳೆಗೂ ಹೋಗುತ್ತಾಳೆ. ಮನೆಯಲ್ಲಿ ನನ್ನನ್ನು ನೋಡುವವರಿಲ್ಲವೆಂದು ಅಜ್ಜಿ ತನ್ನ ತವರಾದ ಕುರುಗೋಡಿಗೆ ಕರೆದುಕೊಂಡು ಹೋಗಿ, ಒಂದು ಕೋಣೆ ಹಿಡಿದು, ಅಲ್ಲಿಯ ಸರ್ಕಾರಿ ಶಾಲೆಗೆ ಸೇರಿಸಿದಳು. ಹತ್ತನೇ ತರಗತಿ ಮುಗಿಯುವ ತನಕ ನನ್ನ ಜೊತೆಯೇ ಇದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಮಾಡುತ್ತಿದ್ದಳು. ಸಂಜೆ ಮನೆಗೆ ಬಂದರೆ ಕೈ ಧಗಧಗ ಉರಿ. ಎಷ್ಟು ತೊಳೆದರೂ ಖಾರ ಹೋಗುತ್ತಿರಲಿಲ್ಲವಾದ್ದರಿಂದ ಸಂಜೆ ನನ್ನನ್ನು ಮುಟ್ಟುತ್ತಿರಲಿಲ್ಲ. ಜಡೆ ಹೆಣೆಯುವುದು, ಕೆನ್ನೆ ಹಿಂಡುವುದು, ಬೆನ್ನಿಗೆ ಗುದ್ದುವುದು ಎಲ್ಲ ಬೆಳಿಗ್ಗೆಯೇ ಆಗಬೇಕು. ಅದೇ ಕೆಲಸದಲ್ಲಿ ಬೆರಳಿನ ಗೆರೆಗಳು ಸವೆದುಹೋಗಿವೆ. ಈಗ ರೇಷನ್ ಅಂಗಡಿಯ ಮಷೀನು ಆಕೆಯ ಹೆಬ್ಬೆರಳನ್ನು ಒಪ್ಪುವುದಿಲ್ಲ. “ಹೋಗ್ಲಿ ಬಿಡು, ಅದಕ್ಕ ನನ್ನ ಗುರ್ತಿಲ್ಲ” ಎಂದು ಅಜ್ಜಿ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಡುವ ಸೀಟುಗಳಲ್ಲಿ ನನ್ನದೊಂದು. ಅದಕ್ಕೆ ಶಾಲೆಯಿಂದ ಬರೆಸಿದ ಪ್ರಮಾಣಪತ್ರ ಬೇಕೇ ಬೇಕು. ಅದಕ್ಕೆ ನಮ್ಮ ಹೆಡ್‌ಮಾಸ್ಟರ್ ಚನ್ನಬಸವರಾಜ ಸಾರ್ ತಿಂಗಳ ಹಿಂದೆಯೇ ಸಹಿ ಮಾಡಿ ಕೊಟ್ಟಿದ್ದರು. ಕಾಲೇಜಿಗೆ ಸೇರಲು ಅಂದು ಕೊನೆಯ ದಿನ. ಮೊದಲೇ ಹೋಗೋಣವೆಂದರೆ ಅಜ್ಜಿ ಪಂಚಾಂಗದವರನ್ನು ಕೇಳಿ ಆ ದಿನವೇ ಒಳ್ಳೆಯದೆಂದು ಹಟ ಹಿಡಿದಿದ್ದಳು.

ಹೊರಡುವ ಮುಂಚೆ ಅಜ್ಜಿ ನನ್ನ ಫೈಲನ್ನು ದೇವರ ಮುಂದೆ ಇಟ್ಟಿದ್ದಳು. ನಮ್ಮ ಮನೆಯಲ್ಲಿ ಉಚ್ಚಂಗೆಮ್ಮನ ಪಕ್ಕದಲ್ಲಿ ಬುದ್ಧನ ಚಿತ್ರವಿದೆ. ಅದನ್ನು ನನ್ನ ಚಿಕ್ಕಪ್ಪ ತಂದು ಹಾಕಿದ್ದು. ಕುಂಕುಮ ಹಚ್ಚಬಾರದು ಎಂದೂ ಹೇಳಿದ್ದ. ಅಜ್ಜಿ ಉಚ್ಚಂಗೆಮ್ಮನಿಗೆ ಹಚ್ಚಿದ ಕೈಯಲ್ಲೇ ಬುದ್ಧನಿಗೂ ಹಚ್ಚುತ್ತಾಳೆ. ಬುದ್ಧ ಈವರೆಗೆ ಬೇಡವೆಂದಿಲ್ಲ. ಪೂಜೆ ಮುಗಿದ ಮೇಲೆ ಅಪ್ಪ ಫೈಲನ್ನು ಚೀಲಕ್ಕೆ ಹಾಕಿದ, ಮೂವರೂ ಹೊರಟು ಸಿರುಗುಪ್ಪದಲ್ಲಿ ಬಸ್ಸು ಬದಲಿಸಿದೆವು, ಬಳ್ಳಾರಿ ಬಂತು.

ಕಾಲೇಜಿನಲ್ಲಿ ಕಾಗದ ನೋಡುತ್ತಿದ್ದವರು ದಾಕ್ಷಾಯಣಿ ಮೇಡಂ. ಕನ್ನಡಕ, ಬಾಯಲ್ಲಿ ಏಲಕ್ಕಿ, ಮುಖದಲ್ಲಿ ನಗುವಿಲ್ಲ. ನನ್ನ ಫೈಲು ಬಿಚ್ಚಿದರು. ಮೊದಲ ಕಾಗದದ ನಾಲ್ಕೂ ಮೂಲೆಗೆ ಅರಿಶಿನ, ನಡುವೆ ಕುಂಕುಮದ ಬೊಟ್ಟು. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೂ.

“ಮದುವಿ ಕಾರ್ಡು ಹಂಚಾಕ ಬಂದಾರ ನೋಡ್ರಿ” ಎಂದು ಸಾಲಿನಲ್ಲಿ ಯಾರೋ ಅಂದರು. ನನ್ನ ಕಿವಿ ಬಿಸಿಯಾಯಿತು.

ಅಂಕಪಟ್ಟಿಗಳ ಮೂಲೆಯಲ್ಲಿ ಬರಹವೇನೂ ಇಲ್ಲದ್ದರಿಂದ ಅವೆಲ್ಲ ಪಾರಾದವು. ಶಾಲೆಯ ಪ್ರಮಾಣಪತ್ರದಲ್ಲಿ ಹೆಡ್‌ಮಾಸ್ಟರರ ಸಹಿ, ಸೀಲು ಎರಡೂ ಬಲಗಡೆ ಕೆಳಮೂಲೆಯಲ್ಲಿದ್ದವು. ಅಜ್ಜಿ ಅರಿಶಿನವನ್ನು ನೀರಲ್ಲಿ ಕಲಸಿ ಹಚ್ಚಿದ್ದಳು, ಆರುವ ಮೊದಲೇ ಅಪ್ಪ ಪ್ಲಾಸ್ಟಿಕ್ ಕವರಿಗೆ ತುರುಕಿದ್ದ. ಅಲ್ಲೀಗ ಹಳದಿ ನೀಲಿ ಕಲಸಿದ ಒಂದು ಕಲೆ ಇತ್ತು, ಮತ್ತೇನೂ ಕಾಣುತ್ತಿರಲಿಲ್ಲ.

ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ನನ್ನದೇನೂ ತಕರಾರಿಲ್ಲವ್ವಾ. ಆದ್ರ ಇದನ್ನ ನನ್ನ ಮ್ಯಾಲಿನವರು ನೋಡ್ತಾರ. ಸೀಲಿಲ್ಲ ಅಂದ್ರ ಸೀಟು ಹೋಗತೈತಿ. ನಿಮ್ಮ ಹೆಡ್‌ಮಾಸ್ಟರ್ ಬಂದು ಇದರ ಮ್ಯಾಲೇ ಮತ್ತೊಮ್ಮಿ ಸಹಿ ಮಾಡಿ ಸೀಲು ಒತ್ಲಿ. ಆಫೀಸು ಮುಚ್ಚೋತನಕ ನಾ ಇಲ್ಲೇ ಇರ್ತೀನಿ.”

ಅಂದು ಶಾಲೆಗೆ ದಸರಾ ರಜೆ. ಅಪ್ಪ ಸಾರ್‌ಗೆ ಫೋನು ಹಚ್ಚಿದ. ಅವರ ಮನೆ ಬಳ್ಳಾರಿಯಲ್ಲೇ, ಸತ್ಯನಾರಾಯಣಪೇಟೆಯಲ್ಲಿ. ಊಟಕ್ಕೆ ಕೂತಿದ್ದರು. ಸೀಲು ಮಾತ್ರ ಕುರುಗೋಡಿನ ಶಾಲೆಯ ಅಲಮಾರಿಯಲ್ಲಿ.

“ಅರಿಶಿನ ಹಚ್ಚ್ಯಾಳಾ?” ಎಂದು ಸಾರ್ ಕೂಗಿದ್ದು ಫೋನಿನಾಚೆ ನನಗೂ ಕೇಳಿತು. “ಹಂಪಮ್ಮನ ಕೆಲಸಾನ ಇದು! ನೀವು ಅಲ್ಲಿಂದ ಎಲ್ಲೂ ಕದಲಬ್ಯಾಡ್ರಿ. ಬೈಕ್ ಐತಿ, ನಾನ ಹೋಗಿ ತರ್ತೀನಿ.”

ಅಪ್ಪ ಗೇಟಿನ ಹತ್ತಿರ ಹೋಗಿ ರಸ್ತೆ ನೋಡುತ್ತ ನಿಂತ. ನಾನೂ ಅಜ್ಜಿಯೂ ಬೇವಿನ ಮರದ ಕೆಳಗೆ ಕೂತೆವು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವ ಹೊತ್ತಿನಲ್ಲಿ ಸಿಟ್ಟನ್ನು ನುಂಗುವಷ್ಟು ದೊಡ್ಡವಳು ನಾನಲ್ಲ.

“ನಿನಗ ಯಾರು ಹೇಳಿದ್ರು ಹಚ್ಚಾಕ? ಓದಿದ ಕಾಗದಕ್ಕ ಯಾರರ ಅರಿಶಿನ ಹಚ್ತಾರೇನು?”

ಅಜ್ಜಿ ಉಗುರ ಸಂದಿಯ ಅರಿಶಿನ ಕೆರೆಯತೊಡಗಿದಳು. ಯಾವತ್ತೂ ನನಗೆ ತಿರುಗಿ ಬೈಯುವವಳು ಅಂದು ಬೈಯದ್ದು ನೋಡಿ ನನಗೆ ಹೆದರಿಕೆಯಾಯಿತು.

“ನಿಮ್ಮ ತಾತ ಹೋದಾಗ ಊರೂರಿಗೆ ಕಾಗದ ಕಳಿಸಿದ್ವಿ” ಅಂದಳು. “ಅರಿಶಿನ ಇಲ್ಲದ ಬರಿ ಮೂಲಿ. ನೋಡಿದ ಕೂಡ್ಲೇ ಎಲ್ಲಾರಿಗೂ ಗೊತ್ತಾತು, ಸಾವಿನ ಸುದ್ದಿ ಅಂತ. ನನಗ ಓದಾಕ ಬರಂಗಿಲ್ಲವ್ವಾ. ಮೂಲಿ ನೋಡೇ ನಾ ಛಲೋದು, ಕೆಟ್ಟದ್ದು ತಿಳಕೊಂತೀನಿ. ನಮ್ಮ ಮನ್ಯಾಗ ಇಷ್ಟು ಛಲೋ ಕಾಗದ ಯಾವತ್ತೂ ಬಂದಿಲ್ಲ. ಬರಿ ಮೂಲೀಲೆ ಹೆಂಗ ಕಳಿಸ್ಲಿ?”

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಬುತ್ತಿ ಬಿಚ್ಚಿ ಆಕೆಯ ಕೈಗೆ ಮೊಸರನ್ನ ಹಾಕಿದೆ. ತಾನು ತಿನ್ನಲಿಲ್ಲ, ಅದೇ ತುತ್ತನ್ನು ನನ್ನ ಬಾಯಿಗೆ ಇಟ್ಟಳು. ಕುರುಗೋಡಿನ ಅಷ್ಟು ವರ್ಷಗಳ ಸಂಜೆಗಳಲ್ಲಿ ಒಮ್ಮೆಯೂ ಆಕೆಯ ಕೈತುತ್ತು ತಿಂದವಳಲ್ಲ ನಾನು. ಖಾರ ತಾಗೀತೆಂದು ಕೊಡುತ್ತಿರಲಿಲ್ಲ. ಬೇವಿನ ಮರದ ಕೆಳಗೆ, ಸೀಟು ಹೋಗುತ್ತದೋ ಉಳಿಯುತ್ತದೋ ತಿಳಿಯದೆ ಕೂತು, ಈ ಮುದುಕಿಯ ಮೊಮ್ಮಗಳಾಗಿ ಹುಟ್ಟಿದ್ದೇ ನನ್ನ ಪುಣ್ಯ ಅನ್ನಿಸಿತು.

ಕಾಲೇಜಿನ ಜನ ಕರಗುತ್ತ ಬಂದರು. ಕೋಣೆಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಮೇಡಂ ಎರಡು ಸಲ ಹೊರಗೆ ಬಂದು ನೋಡಿ ಮತ್ತೆ ಒಳಗೆ ಹೋದರು. ಅಟೆಂಡರ್ ಬೀಗ ಹಿಡಿದು ಬಂದಾಗ, “ಕುಂದ್ರೋ ಸ್ವಲ್ಪ, ಹುಡುಗಿ ಕೆಲಸ ಐತಿ” ಎಂದು ಗದರಿಸಿದ್ದು ಕೇಳಿಸಿತು.

ಆಗ ಗೇಟಿನಿಂದ ಅಪ್ಪ ಕೂಗಿದ. ಚನ್ನಬಸವರಾಜ ಸಾರ್ ಬಂದರು. ತಲೆಯಿಂದ ಕಾಲಿನವರೆಗೂ ಕೆಂಪು ಧೂಳು, ಅಂಗಿಯ ಮೇಲೆ ಅರ್ಧಕ್ಕೆ ಬಿಟ್ಟ ಊಟದ ಸಾರಿನ ಕಲೆ. ಒಳಗೆ ಮೇಡಂ ಮೇಜಿನ ಹತ್ತಿರ ಬಂದವರೇ ಕಿಸೆಯಿಂದ ಸೀಲು ತೆಗೆದರು, ಇನ್ನೊಂದು ಕಿಸೆಯಿಂದ ಸ್ಟ್ಯಾಂಪ್ ಪ್ಯಾಡು.

“ಹಂಪಮ್ಮಾ, ಈಗ ಕೈ ಹಿಂದ ಕಟ್ಕೊಂಡು ನಿಂದ್ರು” ಅಂದರು. ಅಜ್ಜಿ ನಿಜವಾಗಿಯೂ ಕೈ ಹಿಂದೆ ಕಟ್ಟಿಕೊಂಡಳು.

ಕಲೆಯ ಪಕ್ಕದಲ್ಲಿ ಸಹಿ ಮಾಡಿ ಸೀಲು ಒತ್ತಿದರು. ಒಂದೊಂದು ಅಕ್ಷರವೂ ಕಾಣುವಂತೆ ಬಿತ್ತು. ಮೇಡಂ ನೋಡಿ ತಲೆಯಾಡಿಸಿದಾಗ ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. ನಾನು ಸಾರ್ ಕಾಲಿಗೆ ಬಗ್ಗಿದೆ. “ಏಳವ್ವಾ, ಧೂಳೈತಿ” ಅಂದರು.

“ಇಲ್ಲಿ ಪೋಷಕರ ಸಹಿ” ಎಂದು ಮೇಡಂ ಇನ್ನೊಂದು ಹಾಳೆ ಮುಂದಿಟ್ಟರು. ಅಪ್ಪ ಸಹಿ ಮಾಡಿ ಪೆನ್ನು ಕೆಳಗಿಟ್ಟು, ನನ್ನ ಮುಖ ನೋಡಿ, ಮೇಡಂ ಕಡೆ ತಿರುಗಿದ. “ಮೇಡಂ, ಸಾಕಿದಾಕಿ ನಮ್ಮವ್ವರಿ. ಆಕಿದೂ ಒಂದು ಹೆಬ್ಬಟ್ಟು ಇರ್ಲೇನ್ರಿ?”

“ಜಾಗ ಐತಿ. ಒತ್ಲಿ.”

ಅಜ್ಜಿ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. “ಬ್ಯಾಡ್ರಿ ಯವ್ವಾ. ನನ್ನ ಬೆರಳು ಮಷೀನಿಗೇ ಗುರ್ತಾಗಂಗಿಲ್ಲ. ಅರಿಶಿನ ಬ್ಯಾರೆ ಐತಿ. ನಾ ಮುಟ್ಟಿದ್ರ ಇದೂ ಕೆಡತೈತಿ.”

ನಾನು ಆ ಕೈ ಹಿಡಿದು ಹೊರಗೆಳೆದೆ. ಉಗುರ ಸಂದಿಯಲ್ಲಿ ಹಳದಿ ಹಾಗೇ ಇತ್ತು. ಸಾರ್ ತಮ್ಮ ಪ್ಯಾಡಿನ ಮುಚ್ಚಳ ತೆಗೆದು ಹಿಡಿದರು. ಅಜ್ಜಿಯ ಹೆಬ್ಬೆರಳನ್ನು ಅದಕ್ಕೆ ಅದ್ದಿ, ಅಪ್ಪನ ಸಹಿಯ ಪಕ್ಕದಲ್ಲಿ ನಾನೇ ಒತ್ತಿಸಿದೆ. ಗೆರೆಗಳು ಅಷ್ಟಾಗಿ ಮೂಡಲಿಲ್ಲ. ನೀಲಿ ಗುರುತು, ಅದರ ಒಂದು ಬದಿಗೆ ಸಣ್ಣಗೆ ಹಳದಿ.

“ಬಿತ್ತೇನ್ರಿ?” ಅಜ್ಜಿ ಬಗ್ಗಿ ನೋಡುತ್ತ ಕೇಳಿದಳು.

ಮೇಡಂ ಕನ್ನಡಕ ಸರಿಮಾಡಿಕೊಂಡು ನೋಡಿದರು. ಅಂದು ಮೊದಲ ಸಲ ನಕ್ಕರು. “ಬಿತ್ತಜ್ಜಿ. ಛಲೋ ಬಿತ್ತು.”

ನನ್ನ ಹೆಸರು ಬರೆದುಕೊಂಡು ಕಾಲೇಜಿನ ಸೀಲು ಒತ್ತಿದರು. ಅಟೆಂಡರ್ ನಮ್ಮ ಹಿಂದೆಯೇ ಬಾಗಿಲು ಹಾಕಿದ. ಮೆಟ್ಟಿಲು ಇಳಿಯುವಾಗ ಅಜ್ಜಿ ತನ್ನ ಹೆಬ್ಬೆರಳನ್ನು ಎತ್ತಿ ನೋಡಿಕೊಳ್ಳುತ್ತಿದ್ದಳು. ಒರೆಸಿಕೋ ಎಂದು ಕರವಸ್ತ್ರ ಕೊಟ್ಟರೆ ಬೇಡವೆಂದಳು.

“ಇಲ್ಲಿ ನನ್ನ ಗುರ್ತು ಹಿಡಿದ್ರು ನೋಡು” ಅಂದಳು.